ನೋಡೋದಕ್ಕೂ ದುಡ್ಡಾ?

ಹೋದ ತಿಂಗಳು ಅರಸೀಕೆರೆಯಿಂದ ಚಿಕ್ಕಪ್ಪನ ಮಗ ಪುಟ್ಟ ಫೋನ್ ಮಾಡಿದ್ದ. "ಅಣ್ಣ, ಗೇಮ್ ಶುರು ಮಾಡಿ ಕಾಲು ಗಂಟೆ ಆಗೋದ್ರೊಳಗೆ ಕಂಪ್ಯೂಟರ್ ಆಫ್ ಆಗ್ಬಿಡುತ್ತೆ. ಗ್ರಾಫಿಕ್ಸ್ ಕಾರ್ಡ್ ಮುಟ್ಟಿದ್ರೆ ದೋಸೆ ಹೆಂಚು ಇದ್ದಂಗಿದೆ. ಅಂಗಡಿಯವ್ರು ಕಾರ್ಡ್ ಸತ್ತಿದೆ, ಹೊಸದು ಹಾಕಿಸು ಅಂತಾರೆ."

ನಾನು ಆಫೀಸಿನ ಗಡಿಬಿಡಿಯಲ್ಲಿದ್ದೆ. "ಹಳೇ ಕಾರ್ಡಲ್ವೇನೋ, ಹೋಗಿರುತ್ತೆ, ಹೊಸದು ತಗೋ" ಅಂದು ಫೋನ್ ಇಟ್ಟೆ.

ಆಫೀಸಿನಲ್ಲಿ ಯಾರಾದ್ರೂ ಬಂದು "ಸರ್ವರ್ ಬಿದ್ದೋಯ್ತು" ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ "ಲಾಗ್ ಎಲ್ಲಿ?" ಅಂತ. ಸ್ವಂತ ತಮ್ಮನಿಗೆ ಮಾತ್ರ ನಾಡಿ ಕೂಡ ಹಿಡಿಯದೆ ಮರಣಪತ್ರ ಬರೆದುಕೊಟ್ಟಿದ್ದೆ!

ಎರಡು ವಾರದ ನಂತರ ಊರಿಗೆ ಹೋದಾಗ ಮನೆಯಲ್ಲಿ ಮಾತೇ ಇಲ್ಲ. "ಆಟ ಆಡಿ ಆಡಿ ಸುಟ್ಟಾಕಿದ" ಅಂತ ಚಿಕ್ಕಪ್ಪನ ಸಿಟ್ಟು. ಹೊಸ ಕಾರ್ಡಿಗೆ ಅಂಗಡಿಯವರು ಹೇಳಿದ್ದು 22,000. ಬೆಲೆ ಏರಲಿ ಅಂತ ಅಟ್ಟದ ಮೇಲೆ ಇಟ್ಟುಕೊಂಡಿದ್ದ ಕೊಬ್ಬರಿ ಮಾರೋದು ಅಂತ ತೀರ್ಮಾನವೂ ಆಗಿತ್ತು. ಯಾಕಂದ್ರೆ ಪುಟ್ಟ ಬರೀ ಆಟ ಆಡೋದಿಲ್ಲ, ಅದೇ ಕಂಪ್ಯೂಟರಿನಲ್ಲಿ ಬೇಲೂರಿನ ಒಂದು ಸ್ಟುಡಿಯೋಗೆ ಮದುವೆ ವೀಡಿಯೋ ಎಡಿಟ್ ಮಾಡಿಕೊಡ್ತಾನೆ. ಒಂದು ಮದುವೆ ಅರ್ಧಕ್ಕೇ ನಿಂತಿತ್ತು. ನನ್ನ ಒಂದು ಫೋನ್ ಮಾತಿನ ಬೆಲೆ ಎಷ್ಟು ಅಂತ ಆಗ ಗೊತ್ತಾಯ್ತು.

ಕ್ಯಾಬಿನೆಟ್ ಇದ್ದದ್ದು ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ. ಮುಂದುಗಡೆ ಮಿಣಮಿಣ ಲೈಟು, ಗಾಜಿನ ಫಲಕ, ಗಾಳಿಗೆ ಒಂದು ಬೆರಳಿನಷ್ಟು ಸಂದಿ. ಧೂಳು ಕೂರಬಾರದು ಅಂತ ಚಿಕ್ಕಮ್ಮ ಮೇಲೊಂದು ಬಟ್ಟೆ ಬೇರೆ ಹೊದಿಸಿದ್ದರು :-)

ಕಾರ್ಡು ಜಿಟಿಎಕ್ಸ್ 1060, 2016ರಲ್ಲಿ ಬಂದದ್ದು. ಪೂರ್ತಿ ದುಡಿದರೆ ಸುಮಾರು 120 ವ್ಯಾಟ್ ಎಳೆಯುತ್ತೆ. ಆ ಕರೆಂಟೆಲ್ಲ ಕೊನೆಗೆ ಶಾಖವಾಗಿ ಹೊರಗೆ ಹೋಗಲೇಬೇಕು. ಸುಮಾರು 83 ಡಿಗ್ರಿ ಮುಟ್ಟಿದರೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತೆ, ಕಂಪನಿ ಹೇಳೋ ಗರಿಷ್ಠ ಮಿತಿ 94. ಅಂದ್ರೆ ಬಿಸಿಯಾದರೆ ಮೊದಲು ಆಟ ಕುಂಟಬೇಕು. ದಿಢೀರಂತ ಇಡೀ ಕಂಪ್ಯೂಟರ್ ಆಫ್ ಆಗೋದು ಬೇರೆ ಕಥೆಯೂ ಇರಬಹುದು.

ವಿಂಡೋಸಿನ ಈವೆಂಟ್ ವ್ಯೂವರ್ ತೆಗೆದರೆ ಸಾಲುಸಾಲಾಗಿ 'ಕರ್ನೆಲ್-ಪವರ್ 41'. ತುಂಬಾ ಜನ ಇದನ್ನ ನೋಡಿ ಗಾಬರಿ ಬೀಳ್ತಾರೆ. ಅದು ಹೇಳೋದು ಇಷ್ಟೇ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯ್ತು ಅಂತ. ಯಾಕೆ ಅಂತ ಹೇಳಲ್ಲ. ಅದಕ್ಕೇ ಎಚ್‌ಡಬ್ಲ್ಯುಇನ್ಫೋ ಹಾಕಿ ಉಷ್ಣತೆ, ವೇಗ, ಫ್ಯಾನು ಎಲ್ಲ ಫೈಲಿಗೆ ಬರೆಯೋ ಹಾಗೆ ಮಾಡಿ ಗೇಮ್ ಶುರು ಮಾಡಿಸಿದೆ. ಹನ್ನೆರಡನೇ ನಿಮಿಷಕ್ಕೆ ಠಪ್ ಅಂತ ಆಫ್. ಕೊನೆಯ ಸಾಲಿನಲ್ಲಿ 89 ಡಿಗ್ರಿ.

ಕಾರ್ಡ್ ಬಿಚ್ಚಿದರೆ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ನೇಯ್ದ ಹಾಗೆ ಧೂಳು. ಹಿತ್ತಲಲ್ಲಿ ಕಾಯಿ ಸುಲಿಯೋ ಮನೆ, ತೆಂಗಿನ ನಾರಿನ ಪುಡಿ ಎಲ್ಲ ಅಲ್ಲೇ ಸೇರಿತ್ತು. ಫ್ಯಾನು ತಿರುಗದ ಹಾಗೆ ಬೆರಳಲ್ಲಿ ಹಿಡಿದು ಗಾಳಿ ಹೊಡೆದೆವು (ಹಿಡಿಯದೆ ಹೊಡೆದರೆ ಫ್ಯಾನು ಅಳತೆ ಮೀರಿ ತಿರುಗಿ ಹಾಳಾಗಬಹುದು). ಚಿಪ್ಪಿನ ಮೇಲೆ ಒಣಗಿ ಹೆಕ್ಕಳೆಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ, ಬೆಂಗಳೂರಿಂದ ತಂದಿದ್ದ ಹೊಸದು ಹಚ್ಚಿದೆ. ಕ್ಯಾಬಿನೆಟ್ಟನ್ನ ಗೂಡಿಂದ ಈಚೆಗೆ ತೆಗೆದಿಟ್ಟೆವು. ಮತ್ತೆ ಗೇಮ್ ಹಾಕಿದರೆ ಅರ್ಧ ಗಂಟೆ ಆದ್ರೂ 71 ದಾಟಲಿಲ್ಲ. ಪುಟ್ಟನ ಮುಖ ನೋಡಬೇಕಿತ್ತು.

ಮಾರನೇ ದಿನ ಭಾನುವಾರ. ಸ್ಟುಡಿಯೋದವರಿಗೆ ಮುಖ ತೋರಿಸಿ ಬರೋಣ ಅಂತ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಬೈಕಿನಲ್ಲಿ ಹೋದೆವು. "ಸೋಮವಾರ ವೀಡಿಯೋ ಗ್ಯಾರಂಟಿ" ಅಂತ ಮಾತು ಕೊಟ್ಟಿದ್ದೂ ಆಯ್ತು. ಹಾಗೇ ಚೆನ್ನಕೇಶವನ ಗುಡಿಗೆ ಹೋದಾಗ ಕಂಬಗಳ ನಡುವಿನ ಕಲ್ಲಿನ ಜಾಲಂಧ್ರ ತೋರಿಸಿ ಪುಟ್ಟ ಹೇಳ್ತಾನೆ, "ಅಣ್ಣ, ನನ್ನ ಕ್ಯಾಬಿನೆಟ್ಟಿಗಿಂತ ಇದರಲ್ಲೇ ಚೆನ್ನಾಗಿ ಗಾಳಿ ಆಡುತ್ತಲ್ಲ!" ಗುಡಿ 1117ರದ್ದು. ಗಾಳಿ ಬೆಳಕು ಬರೋದಕ್ಕೆ ತೂತು ಬೇಕು ಅನ್ನೋದು ಹೊಯ್ಸಳರ ಕಾಲದವರಿಗೆ ಗೊತ್ತಿತ್ತು, ಗಾಜಿನ ಕ್ಯಾಬಿನೆಟ್ ಮಾಡೋರು ಮರೆತಿದ್ದಾರೆ.

ಸಂಜೆ ಮನೆಗೆ ಬಂದು ವೀಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದ್ವಿ. ಎಂಟೇ ನಿಮಿಷ. ಠಪ್.

ಚಿಕ್ಕಪ್ಪ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಬೈದಿದ್ರೇ ವಾಸಿಯಿತ್ತು.

ಆದರೆ ಈ ಸಲ ಲಾಗ್ ಇತ್ತಲ್ಲ. ಕೊನೆಯ ಸಾಲಿನಲ್ಲಿ ಬರೀ 68 ಡಿಗ್ರಿ! ಅಂದ್ರೆ ಆಫ್ ಮಾಡ್ತಿರೋದು ಬಿಸಿ ಅಲ್ಲ. ಆಫ್ಟರ್‌ಬರ್ನರ್ ತೆಗೆದು ಕಾರ್ಡಿನ ಪವರ್ ಲಿಮಿಟ್ 70 ಪರ್ಸೆಂಟಿಗೆ, ಅಂದ್ರೆ 84 ವ್ಯಾಟಿಗೆ ಇಳಿಸಿದೆ. ರಾತ್ರಿಯೆಲ್ಲ ಓಡಿತು, ಒಂದು ಸಲವೂ ನಿಲ್ಲಲಿಲ್ಲ. ಬೆಳಿಗ್ಗೆ ಮದುವೆ ವೀಡಿಯೋ ರೆಡಿ. ಈಗ ಅನುಮಾನವೆಲ್ಲ ಕ್ಯಾಬಿನೆಟ್ ಜೊತೆಗೇ ಪುಕ್ಕಟೆ ಬಂದಿದ್ದ ಪವರ್ ಸಪ್ಲೈ ಮೇಲೆ. ಪ್ರೊಸೆಸರೂ ಕಾರ್ಡೂ ಒಟ್ಟಿಗೆ ಕೇಳಿದಾಗ ಅದಕ್ಕೆ ಕೊಡೋಕೆ ಆಗ್ತಿಲ್ಲ. (ಅದನ್ನ ಮಾತ್ರ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.) ಎಸ್.ಪಿ. ರೋಡಿನಿಂದ 3,500 ರೂಪಾಯಿಗೆ ಒಳ್ಳೆಯದೊಂದು ಕಳಿಸಿದೆ. ಈಗ ಪೂರ್ತಿ 120 ವ್ಯಾಟಿನಲ್ಲೇ ಓಡ್ತಿದೆ.

22,000 ಕೊಟ್ಟು ಹೊಸ ಕಾರ್ಡ್ ತಂದು ಅದೇ ಸಪ್ಲೈಗೆ ಸಿಕ್ಕಿಸಿದ್ದರೆ? ಮತ್ತೆ ಠಪ್. ಆಗ ಚಿಕ್ಕಪ್ಪ ಅಟ್ಟದ ಮೇಲಿಂದ ಇನ್ನೇನು ಇಳಿಸಬೇಕಿತ್ತೋ!

ಹಾಗಂತ ಕಾರ್ಡು ಸಾಯೋದೇ ಇಲ್ಲ ಅಂತಲ್ಲ. 2021ರ ಜುಲೈನಲ್ಲಿ 'ನ್ಯೂ ವರ್ಲ್ಡ್' ಆಟದ ಬೀಟಾ ಬಂದಾಗ, ಲಕ್ಷಗಟ್ಟಲೆ ಬೆಲೆಯ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಆಡುತ್ತಿರುವಾಗಲೇ ಸತ್ತವು. ಆಟದವರು ಮೆನುವಿನಲ್ಲಿ ಫ್ರೇಮಿಗೆ ಮಿತಿ ಹಾಕಿದರು. ಆದರೆ ಕಾರ್ಡ್ ಮಾಡಿದವರು ಸತ್ತ ಕಾರ್ಡುಗಳನ್ನ ಎಕ್ಸ್‌ರೇ ಹಾಕಿ ನೋಡಿ, ಒಂದು ಚಿಕ್ಕ ಬ್ಯಾಚಿನಲ್ಲಿ ಬೆಸುಗೆ ಸರಿಯಿರಲಿಲ್ಲ ಅಂತ ಹೇಳಿದರು. ಅಲ್ಲೂ ಗೊತ್ತಾಗಿದ್ದು ಒಳಗೆ ನೋಡಿದ ಮೇಲೇನೇ.

ಅಂಗಡಿಯವರನ್ನ ಬೈಯ್ಯೋಣ ಅಂತ ಶುರು ಮಾಡಿದ್ದೆ, ಆಗ್ತಿಲ್ಲ. ಎರಡು ಗಂಟೆ ಕೂತು ಲಾಗ್ ನೋಡಿ, ಧೂಳು ತೆಗೆದು "ಐನೂರು ಕೊಡಿ" ಅಂದ್ರೆ ನಾವೇನಂತೀವಿ? "ಬರೀ ನೋಡೋದಕ್ಕೂ ದುಡ್ಡಾ?" ಅಂತೀವಿ. ಹೊಸ ಕಾರ್ಡಿಗೆ 22,000 ಮಾತಾಡದೆ ಕೊಡ್ತೀವಿ. ಹೀಗಿರುವಾಗ ಅವರು ನೋಡದೇ ಮಾರಿದರೆ ಆಶ್ಚರ್ಯ ಏನಿದೆ? ನಾನು ಪುಕ್ಕಟೆ ಕೊಟ್ಟ ಸಲಹೆಯೂ ನೋಡದೇ ಕೊಟ್ಟಿದ್ದೇ ತಾನೆ. ನನ್ನ ಪ್ರಕಾರ ವಸ್ತುವಿಗೆ ಕೊಡೋ ದುಡ್ಡಲ್ಲಿ ಸ್ವಲ್ಪವನ್ನಾದರೂ ಕಾರಣ ಹುಡುಕೋ ಕೆಲಸಕ್ಕೆ ಕೊಡೋದು ಕಲೀಬೇಕು.

ಹೊರಡುವಾಗ ಚಿಕ್ಕಪ್ಪ ಒಂದು ಚೀಲ ತೆಂಗಿನಕಾಯಿ ಬೈಕಿಗೆ ಕಟ್ಟಿದರು. "ನೋಡಿದ್ದಕ್ಕೆ" ಅಂದರು, ಅಷ್ಟೇ. ಕೊಬ್ಬರಿ ಇನ್ನೂ ಅಟ್ಟದ ಮೇಲೇ ಇದೆ. ಪುಟ್ಟನ ಜೊತೆ ಮಾತೂ ಶುರುವಾಗಿದೆ.

ನಿಮ್ಮ ಮನೆಯಲ್ಲೂ ನೋಡದೇ 'ಸತ್ತಿದೆ' ಅಂತ ಮೂಲೆಗೆ ಸೇರಿಸಿದ್ದು ಏನಾದ್ರೂ ಇದೆಯಾ? ಒಂದ್ಸಲ ಬಿಚ್ಚಿ ಧೂಳು ಹೊಡೆದು ನೋಡಿ..