ಹವ್ಯಾಸ ಅಂತ ಕರೆದು ಅಗ್ಗಕ್ಕೆ ಕೇಳಬೇಡಿ



ಮೊನ್ನೆ ನಾನು ಹೊಲಿದ ನೀಲಿ ಫ್ರಾಕಿನ ಫೋಟೋ ಹಾಕಿದ್ದೆ. ಒಬ್ಬ ಪ್ರಗತಿಪರ ಗೆಳತಿ "ಎಷ್ಟು ಚೆನ್ನಾಗಿರೋ ಹವ್ಯಾಸ ರೀ ನಿಮ್ದು!" ಅಂತ ಬರೆದರು. ಅದರ ಕೆಳಗೇ ನಮ್ಮ ಸಂಘಟನೆಯ ತಮ್ಮ ಒಬ್ಬ, "ಅಕ್ಕಾ, ನಮ್ ಪಾಪುಗೂ ಒಂದು, ನಮ್ಮೋರ ರೇಟಲ್ಲಿ" ಅಂತ ಹಾಕಿದ. ಇಬ್ಬರ ಮೇಲೂ ನಂಗೆ ಸಿಟ್ಟಿಲ್ಲ. ಉತ್ತರ ಬರೀತಾ ಬರೀತಾ ಉದ್ದ ಆಯ್ತು, ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

ಹವ್ಯಾಸ ಅಂದ್ರೆ ಹೊಟ್ಟೆ ತುಂಬಿದ ಮೇಲೆ, ಮನೆಗೆಲಸಕ್ಕೆ ಇನ್ಯಾರೋ ಇದ್ದು, ಮಧ್ಯಾಹ್ನ ಮಿಗುತ್ತಲ್ಲ, ಆ ಹೊತ್ತಿನ ಕೆಲಸ. ನಾನು ಮಷೀನಿನ ಮುಂದೆ ಕೂತದ್ದು ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ. ಒಂಬತ್ತು ವರ್ಷ. ಅಷ್ಟೂ ವರ್ಷ ಹೊಲಿದದ್ದು ಕಾಲರ್ ಮಾತ್ರ. ಪಕ್ಕದವಳು ಕಫ್, ಅವಳ ಆಚೆಯವಳು ಜೇಬು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಆಗದಿದ್ರೆ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈಯೋನು. ಲೆಕ್ಕವಿಲ್ಲದಷ್ಟು ಕಾಲರ್ ಹೊಲಿದ ನನಗೆ ಒಂದು ಪೂರ್ತಿ ಶರ್ಟು ಹೊಲಿಯೋಕೆ ಬರ್ತಿರಲಿಲ್ಲ, ನಂಬ್ತೀರಾ? 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾಯಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಳ್ಳೋ ಹಾಗೆ ಮಾಡಿದ್ರಲ್ಲ, ಆ ಗುಂಪಲ್ಲಿ ನಾನೂ ಇದ್ದೆ. ಸಂಘಟನೆ, ಭಾಷಣ ಎಲ್ಲ ಆಮೇಲಿಂದು.

ನಾನು ಮೊದಲ ಸಲ ಪೂರ್ತಿಯಾಗಿ ಹೊಲಿದ ಬಟ್ಟೆ ನನ್ನ ಮಗಳ ಒಂದನೇ ವರ್ಷದ ಫ್ರಾಕು. ಕಟ್‌ಪೀಸ್ ತಂದು, ಹಳೇ ಫ್ರಾಕ್ ಇಟ್ಟು ಅಳತೆ ತೆಗೆದು ಹೊಲಿದೆ. ತಲೆಯಲ್ಲಿ ತೂರಲೇ ಇಲ್ಲ! ಮಕ್ಕಳಿಗೆ ಮೈ ಚಿಕ್ಕದು, ತಲೆ ದೊಡ್ಡದು, ಬೆನ್ನಲ್ಲಿ ಸೀಳು ಬಿಡಬೇಕು ಅಂತ ಯಾರು ಹೇಳಿಕೊಟ್ಟಿದ್ರು? ಕೂತು ಪೂರ್ತಿ ಬಿಚ್ಚಿದೆ. ಹೀಗೇ ಒಂದೊಂದೂ ಬಿಚ್ಚಿ ಬಿಚ್ಚಿಯೇ ಕಲಿತದ್ದು. ಹತ್ತಿ ಬಟ್ಟೆ ಕತ್ತರಿಸೋ ಮುಂಚೆ ರಾತ್ರಿ ನೆನೆಸಿ ಒಣಗಿಸಬೇಕು, ಇಲ್ಲಾಂದ್ರೆ ಮೊದಲ ಒಗೆತಕ್ಕೇ ಕುಗ್ಗುತ್ತೆ. ಎಳೇ ಕೂಸಿಗೆ ಓವರ್‌ಲಾಕ್ ದಾರ ಚುಚ್ಚುತ್ತೆ, ಹೊಲಿಗೆಯ ಅಂಚನ್ನ ಒಳಗೆ ಮುಚ್ಚಿ ಇನ್ನೊಂದು ಹೊಲಿಗೆ ಹಾಕಬೇಕು. ಗುಂಡಿ ಕಿತ್ತು ಬಾಯಿಗೆ ಹಾಕ್ಕೊಳ್ಳೋ ವಯಸ್ಸಿಗೆ ಗುಂಡಿ ಬೇಡವೇ ಬೇಡ, ಕಟ್ಟೋ ದಾರ ಸಾಕು. ಕೆಳಗಡೆ ಎರಡಿಂಚು ಮಡಿಕೆ ಬಿಟ್ಟರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡ್ಕೋಬಹುದು. ಈ ಮಡಿಕೆ ನೋಡಿಯೇ ನಮ್ಮ ಬೀದಿಯ ಹೆಂಗಸರು ಆರ್ಡರ್ ಕೊಡೋಕೆ ಶುರು ಮಾಡಿದ್ದು. ಬಡವರಿಗೆ ಗೊತ್ತಿರುತ್ತೆ ಅದರ ಬೆಲೆ.

ಕೆಲಸ ಬಿಟ್ಟು ಇದನ್ನೇ ಮಾಡೋಣ ಅಂದಾಗ ದುಡ್ಡಿನ ಪ್ರಶ್ನೆ ಬಂತು. ನಮ್ಮ ಹೆಂಗಸರಿಗೆ ಏನು ಕೊಡೋಣ ಅಂದ್ರೆ ಎಲ್ಲ ಸರ್ಕಾರಕ್ಕೂ ತಕ್ಷಣ ಹೊಳೆಯೋದು ಹೊಲಿಗೆ ಮಷೀನು. ಕೊಡಲಿ, ಬೇಡ ಅನ್ನಲ್ಲ. ನಮ್ಮ ಕಾಲೋನಿಯಲ್ಲಿ ಹಂಗೆ ಬಂದ ಮಷೀನುಗಳ ಮೇಲೆ ಈಗ ಒಗೆದ ಬಟ್ಟೆ ರಾಶಿ ಇದೆ. ಬಟ್ಟೆ ತರೋಕೆ ದುಡ್ಡು, ಹೊಲಿದದ್ದನ್ನ ಕೊಳ್ಳೋ ಜನ, ಇವೆರಡೂ ಮಷೀನಿನ ಜೊತೆ ಬರಲ್ಲವಲ್ಲ. 2016ರಲ್ಲಿ ಎಸ್‌ಸಿ, ಎಸ್‌ಟಿ ಮತ್ತು ಮಹಿಳೆಯರಿಗಾಗಿ ಅಂತ ಬಂದ ಸ್ಟ್ಯಾಂಡ್ ಅಪ್ ಇಂಡಿಯಾದ ಸಾಲ ಶುರುವಾಗಿದ್ದೇ 10 ಲಕ್ಷದಿಂದ. ನನಗೆ ಬೇಕಿದ್ದದ್ದು ನಲವತ್ತು ಸಾವಿರ! ಕೊನೆಗೆ ಸ್ತ್ರೀಶಕ್ತಿ ಸಂಘದಲ್ಲಿ ತಗೊಂಡು ಸೆಕೆಂಡ್ ಹ್ಯಾಂಡ್ ಮಷೀನು ತಂದೆ.

ಆಮೇಲೆ ಹೆಸರಿನ ವಿಷಯ. ಹಿತೈಷಿಗಳೊಬ್ಬರು ಕರೆದು, "ಪೇಜಲ್ಲಿ ಅಂಬೇಡ್ಕರ್ ಫೋಟೋ ತೆಗೀರಿ, ನಂದಗೋಕುಲ ಅಂತ ಏನಾದ್ರೂ ಇಡಿ, ಬಿಸಿನೆಸ್ ಆಗುತ್ತೆ" ಅಂದ್ರು. ನಾಮಕರಣದ ಬಟ್ಟೆಗೆ ಅಂತ ಮನೆಗೆ ಬಂದ ಒಬ್ಬರು ಗೋಡೆಯ ಮೇಲಿನ ಬಾಬಾಸಾಹೇಬರನ್ನ ನೋಡಿ, ಕೊಟ್ಟ ನೀರು ಹಾಗೇ ಬಿಟ್ಟು, "ಅಳತೆ ವಾಟ್ಸಾಪ್ ಮಾಡ್ತೀನಿ" ಅಂತ ಎದ್ದರು. ಅಳತೆ ಬರಲಿಲ್ಲ. ಜಾತಿ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಸಾಬೀತು ಮಾಡೋಕೂ ಆಗಲ್ಲ. ಚಂಡಾಲರ ಬಟ್ಟೆ ಅಂದ್ರೆ ಹೆಣದ ಮೇಲಿನ ಬಟ್ಟೆ ಅಂತ ಮನುಸ್ಮೃತಿಯ 10ನೇ ಅಧ್ಯಾಯ ಬರೆದಿಟ್ಟಿದೆ. ಅದನ್ನ 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟರಲ್ಲ, ಅದೇ ಸಂದರ್ಭದಲ್ಲಿ ಬಾಬಾಸಾಹೇಬರು ಹೆಂಗಸರನ್ನ ಕರೆದು ಸೀರೆ ಉಡೋ ರೀತಿ ಬದಲಾಯಿಸಿ ಅಂತ ಹೇಳಿದ್ರು. ಬಟ್ಟೆ ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ಹೊಸ ಬಟ್ಟೆ ಹೊಲಿದು ಮಾರೋ ನಾನು ಅವರ ಫೋಟೋ ಮುಚ್ಚಿಟ್ಟು ಮಾರಲಾ? ಫೋಟೋ ಅಲ್ಲೇ ಇದೆ, ಅದಕ್ಕೆ ಬಿಟ್ಟು ಹೋದ ಗಿರಾಕಿಗಳ ಲೆಕ್ಕ ಇಟ್ಟಿಲ್ಲ.

ಈಗ ತಮ್ಮನ "ನಮ್ಮೋರ ರೇಟು". ಫ್ರಾಕಿಗೆ 650 ತಗೋತೀನಿ. ಮೇಲಿನ ಬಟ್ಟೆಗೆ 210, ಲೈನಿಂಗಿಗೆ 70, ಲೇಸು ದಾರ ಎಲಾಸ್ಟಿಕ್ 30, ಕರೆಂಟು ಕವರು 15. ಉಳಿಯೋದು 325, ಮೂರೂವರೆ ಗಂಟೆ ಕೆಲಸಕ್ಕೆ. ನೀನು 400 ಕೊಟ್ಟರೆ ನನಗೆ ಉಳಿಯೋದು 75 ರೂಪಾಯಿ ಕಣಪ್ಪಾ. ಮಾಲಲ್ಲಿ ಅದೇ ಫ್ರಾಕಿಗೆ ತುಟಿಪಿಟಿಕ್ಕೆನ್ನದೆ 1,200 ಕೊಟ್ಟು ಬರ್ತೀಯ. ಅದನ್ನ ಹೊಲಿದವಳೂ ನನ್ನ ಲೈನಲ್ಲಿ ಕೂತಿದ್ದ ಅಂಥವಳೇ, ಆ 1,200ರಲ್ಲಿ ಅವಳಿಗೆ ಸೇರಿದ್ದೆಷ್ಟು?

ತಪ್ಪು ನಂದೂ ಇದೆ. ಮೊದಲ ವರ್ಷ ಕಾರ್ಯಕ್ರಮಗಳ ಬ್ಯಾನರ್ ಅಂಚು, ಮೆರವಣಿಗೆಯ ನೀಲಿ ಬಾವುಟ, ಸಂಗಾತಿಗಳ ಮಕ್ಕಳ ಬಟ್ಟೆ ಎಲ್ಲ ಪುಕ್ಕಟೆ ಹೊಲಿದೆ. ಚಳವಳಿ ಅಲ್ವಾ, ಕೇಳೋಕೆ ನಾಚಿಕೆ. ಶಾಮಿಯಾನದವನಿಗೆ, ಮೈಕಿನವನಿಗೆ ಮಾತ್ರ ಅದೇ ದಿನ ದುಡ್ಡು ಎಣಿಸಿ ಕೊಟ್ಟಿದ್ರು. ನಮ್ಮಜ್ಜ ಇಡೀ ಊರಿಗೆ ಚಪ್ಪಲಿ ಹೊಲಿದು, ಸುಗ್ಗಿಲಿ ಕಣದ ಹೊರಗೆ ನಿಂತು ಅವರು ಕೊಟ್ಟಷ್ಟು ರಾಗಿ ತಂದವನು. ಅದೂ ಹ್ಯಾಂಡ್‌ಮೇಡೇ. ಯಾರೂ ಹಂಗೆ ಕರೀಲಿಲ್ಲ ಅಷ್ಟೇ. ಕೊಟ್ಟಷ್ಟು ತಗೊಂಡು ಬರೋದು ಅಜ್ಜನ ಕಾಲಕ್ಕೇ ಮುಗೀಲಿ ಅಂತ ಈ ವರ್ಷ ರೇಟ್ ಬರೆದು ಗೋಡೆಗೆ ಅಂಟಿಸಿದ್ದೀನಿ, ಬಾಬಾಸಾಹೇಬರ ಪಕ್ಕದಲ್ಲೇ. ನಿಜವಾಗ್ಲೂ ಕಷ್ಟದಲ್ಲಿರೋರು ಬೇರೆಯಾಗಿ ಮೆಸೇಜ್ ಮಾಡಿ, ಕಂತಲ್ಲಿ ಕೊಡಿ. ಸಂಬಳ ಬರೋ ಸಂಗಾತಿಗಳು ಮಾತ್ರ ಚೌಕಾಸಿ ಮಾಡಬೇಡಿ.

ಏಪ್ರಿಲ್ 14ಕ್ಕೆ ನೀಲಿ ಫ್ರಾಕು, ಜುಬ್ಬಾ ಬೇಕಾದವರು ಮಾರ್ಚ್ 25ರೊಳಗೆ ಹೇಳಿ. ಅರ್ಧ ದುಡ್ಡು ಮುಂಗಡ. ಅಳತೆ ಕಳಿಸುವಾಗ ಮಗುವಿನ ತಲೆ ಸುತ್ತಳತೆ ಮರೀಬೇಡಿ.