ನೀರಿನ ಹತ್ರ ಹೋಗ್ಬ್ಯಾಡ ಅಂದ್ರೆ ಸಾಕಾ?

ನನ್ನ ತಮ್ಮನ ಮಗಳು ಬೆಂಗಳೂರಲ್ಲಿ ಏಳನೇ ಕ್ಲಾಸು. ಸ್ಕೂಲಲ್ಲಿ ಗೈಡ್ಸ್ ಸೇರವ್ಳೆ. ಶನಿವಾರ ಭಾನುವಾರ ಕೆರೆ ಹತ್ರ ಕ್ಯಾಂಪು, ಹಾಯಿದೋಣಿ ನಡ್ಸೋದು ಹೇಳ್ಕೊಡ್ತಾರಂತೆ. ತಮ್ಮನ ಹೆಂಡ್ತಿ ಫೋನ್ ಮಾಡಿ, "ಅತ್ತಿಗೆ, ಹೆಣ್ಣುಮಗು, ಕಳ್ಸೋದಾ?" ಅಂದ್ಲು.

ನಾವು ಹಳೇಕೋಟೆ ಕಡೆಯೋರು ಹೇಮಾವತಿ ನೀರಲ್ಲೇ ಬಾಳೋರು. ಮಕ್ಕಳಿಗೆ ಕಲ್ಸಿದ್ದು ಮಾತ್ರ ಒಂದೇ, "ನೀರಿನ ಹತ್ರ ಹೋಗ್ಬ್ಯಾಡ." ನಮ್ಮ ಬೀದಿ ಹುಡುಗ ನಾಲೆಗೆ ಬಿದ್ದು ಹೋದಾಗ ಅವನ ತಾಯಿ ಅದನ್ನೇ ಹೇಳ್ಕೊಂಡು ಅತ್ಲು. ನಾವೆಲ್ರೂ ಹಂಗೇ ಅಂದಿದ್ವಿ. ಬಿದ್ರೆ ಏನ್ ಮಾಡ್ಬೇಕು ಅಂತ ಮಾತ್ರ ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಅದಕ್ಕೇ ಅವಳಿಗೆ ಹೇಳ್ದೆ, ಕ್ಯಾಂಪಿನೋರನ್ನ ಮೂರು ಮಾತು ಕೇಳು. ಲೈಫ್ ಜಾಕೆಟ್ ಮಗೂ ಮೈಯಳತೆಗಿದ್ಯಾ? ಕಾಯೋಕೆ ಇನ್ನೊಂದು ದೋಣಿ ಜೊತೇಲಿರುತ್ತಾ? ಮೊದಲ್ನೇ ದಿನಾನೇ ದಡದ ಹತ್ರ ದೋಣಿ ಮಗುಚಿ, ಅದನ್ನ ಬಿಡ್ದೆ ಹಿಡ್ಕೊಂಡಿರೋದು ಕಲಿಸ್ತಾರಾ? ಹೂಂ ಅಂದ್ರೆ ಕಳ್ಸು, ಇಲ್ಲಾಂದ್ರೆ ಬ್ಯಾಡ.

ಹೋಗ್ಬಂದ್ಲು. ಗಾಳಿಗೆ ಎದುರಾಗಿ ದೋಣಿ ನೇರ ಹೋಗಲ್ವಂತೆ. ಓರೆಯಾಗಿ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ತಿರುಗ್ತಾ ಮುಂದೆ ಸಾಗ್ಬೇಕಂತೆ. ಹತ್ತೋಕ್ ಮುಂಚೆ ಗಾಳಿ ಎತ್ಲಿಂದ ಬರ್ತದೆ ಅಂತ ನೋಡ್ಬೇಕಂತೆ. ಕಣದಲ್ಲಿ ರಾಗಿ ತೂರಿದ ನಮ್ಗೆ ಅದೇನು ಹೊಸದಾ?

1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಶುರು ಮಾಡ್ದಾಗ ಕ್ಯಾಂಪಲ್ಲಿ ಬರೀ ಗಂಡುಹುಡುಗ್ರೇ ಇದ್ರು. ಈಗ ನಮ್ಮ ಹೆಣ್ಣುಮಗೂನೇ ಚುಕ್ಕಾಣಿ ಹಿಡೀತು.

ನಮ್ಮೂರ ಮಕ್ಕಳಿಗೆ ಹಾಯಿದೋಣಿ ಸಿಗ್ದಿದ್ರೂ ಪರ್ವಾಗಿಲ್ಲ. ಈಜು ಕಲ್ಸೋಣ ಕಣ್ರವ್ವ, ಹೆಣ್ಣುಮಕ್ಕಳಿಗೂ. ಬರೀ ಹೆದರಿಕೆ ಯಾರನ್ನೂ ತೇಲ್ಸಲ್ಲ.