ತೊಳೆಸದ ರೀಲು ಮತ್ತು ವಿಮಾನಯಾನ

ಕಳೆದ ಬೇಸಗೆಯಲ್ಲಿ ನನ್ನ ಸೋದರಳಿಯನು ಕೊಲ್ಲಿ ನಾಡಿನಿಂದ ರಜೆಯಲ್ಲಿ ಊರಿಗೆ ಬಂದಾಗ ಅವನ ಕೊರಳಲ್ಲಿ ಹಳೆಯ ರೀಲಿನ ಕ್ಯಾಮೆರಾ ತೂಗುತ್ತಿತ್ತು. ಕೈಯಲ್ಲಿ ಮೊಬೈಲಿರುವಾಗ ಇದೇಕೆಂದು ಕೇಳಿದೆ. “ಮೂವತ್ತಾರೇ ಚಿತ್ರಗಳೆಂದಾಗ ಪ್ರತಿಯೊಂದನ್ನೂ ಮನಸ್ಸಿಟ್ಟು ನೋಡಿ ತೆಗೆಯುತ್ತೇವೆ, ಮಾವ” ಎಂದ. ಮಾತು ನನಗೆ ಹಿಡಿಸಿತು. ತೊಂಬತ್ತರ ಸಮೀಪದಲ್ಲಿದ್ದ ನನ್ನ ತಾಯಿಯನ್ನು ಜಗಲಿಯಲ್ಲಿಯೂ ತುಳಸಿಕಟ್ಟೆಯ ಬಳಿಯಲ್ಲಿಯೂ ಕುಳ್ಳಿರಿಸಿ ಒಂದು ರೀಲನ್ನೇ ಮುಗಿಸಿದ. ಹೊರಡುವಾಗ ಆ ರೀಲನ್ನು ಬಟ್ಟೆಗಳ ನಡುವೆ ಜೋಪಾನವಾಗಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಟ್ಟ. ಅಲ್ಲಿಯೇ ತಪ್ಪಾಯಿತು.

ಆಟಿ ತಿಂಗಳಲ್ಲಿ ತಾಯಿ ತೀರಿಕೊಂಡರು. ಆ ಬಳಿಕವೇ ಅವನು ರೀಲನ್ನು ತೊಳೆಸಿದ್ದು. ಚಿತ್ರಗಳ ಉದ್ದಕ್ಕೂ ಅಲೆಯಂತಹ ಮಸುಕು ಪಟ್ಟೆಗಳು. ಅಜ್ಜಿಯ ಮುಖ ಒಂದರಲ್ಲಿಯೂ ತಿಳಿಯುವಂತಿರಲಿಲ್ಲ.

1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದು, ತನ್ನ ಮಡದಿಯ ಕೈಯೆಲುಬುಗಳನ್ನು ಛಾಯಾಚಿತ್ರದ ಫಲಕದ ಮೇಲೆ ಮೂಡಿಸಿದುದನ್ನು ನಾವು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಫಿಲ್ಮಿನ ಬೆಳ್ಳಿಯ ಲವಣಕ್ಕೆ ಬೆಳಕು ಹೇಗೋ ಕ್ಷ-ಕಿರಣವೂ ಹಾಗೆಯೇ. ಬೆಳಕನ್ನು ತಡೆಯುವ ಡಬ್ಬಿ ಈ ಕಿರಣವನ್ನು ತಡೆಯಲಾರದು. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಗಳನ್ನು ಪರೀಕ್ಷಿಸುವ ಯಂತ್ರಗಳ ಕಿರಣ ಪ್ರಬಲವಾದುದು. ಯಾವ ವೇಗದ ಫಿಲ್ಮೂ ಅದರಲ್ಲಿ ಕೆಡಬಹುದು. ಸೀಸದ ಚೀಲವನ್ನೂ ನಂಬುವಂತಿಲ್ಲ.

ಹಾಗಾದರೆ ಕೈಚೀಲದಲ್ಲಿಟ್ಟರೆ ಸಾಕೆ? ಹಳೆಯ ಯಂತ್ರಗಳ ಕಾಲದಲ್ಲಿ 800ಕ್ಕಿಂತ ಕಡಿಮೆ ವೇಗದ ಫಿಲ್ಮು ಒಂದೆರಡು ಸಲ ಹಾದುಹೋದರೆ ಬಾಧಕವಿಲ್ಲವೆನ್ನುತ್ತಿದ್ದರು. ಆದರೆ ಕಿರಣದ ಪೆಟ್ಟು ಸಲಸಲಕ್ಕೂ ಕೂಡುತ್ತಲೇ ಹೋಗುತ್ತದೆ. ಈಗ ಹಲವು ನಿಲ್ದಾಣಗಳಲ್ಲಿ ಕೈಚೀಲಕ್ಕೂ ಸಿ.ಟಿ. ಯಂತ್ರಗಳು ಬಂದಿವೆ. ಆಸ್ಪತ್ರೆಯ ಸಿ.ಟಿ.ಯಂತೆ ವಸ್ತುವನ್ನು ಸುತ್ತಲಿಂದಲೂ ನೋಡುವ ಈ ಯಂತ್ರದಲ್ಲಿ ಫಿಲ್ಮನ್ನು ಹಾಯಿಸಬಾರದೆಂದು ಫಿಲ್ಮು ತಯಾರಕರೇ ಎಚ್ಚರಿಸಿದ್ದಾರೆ.

ಆದುದರಿಂದ ಪ್ರಯಾಣ ಮಾಡುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಕಳುಹಿಸಿರಿ. ರೀಲನ್ನು ಎಂದೂ ದೊಡ್ಡ ಪೆಟ್ಟಿಗೆಯಲ್ಲಿಡಬಾರದು. ಕ್ಯಾಮೆರಾದಲ್ಲಿರುವ ರೀಲನ್ನು ಮುಗಿಸಿ ಹೊರತೆಗೆದು, ಎಲ್ಲವನ್ನೂ ಒಂದು ಪಾರದರ್ಶಕ ಚೀಲದಲ್ಲಿರಿಸಿ, ಕೈಯಿಂದಲೇ ಪರೀಕ್ಷಿಸುವಂತೆ ವಿನಯದಿಂದ ಕೇಳಬೇಕು. ಅಮೆರಿಕದಲ್ಲಿ ಇದಕ್ಕೆ ಅವಕಾಶವಿದೆ. ಎಲ್ಲೆಡೆಯೂ ಒಪ್ಪುವರೆಂಬ ಭರವಸೆಯಿಲ್ಲ. ಸಮಯ ಇಟ್ಟುಕೊಂಡು ಹೋಗುವುದು ಲೇಸು. ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಹೊರಡುವ ಮುನ್ನ ಊರಿನ ಕಡೆಯಲ್ಲಿಯೇ ರೀಲನ್ನು ತೊಳೆಸಿಬಿಡುವುದು. ತೊಳೆಸಿದ ನೆಗೆಟಿವಿಗೂ ಮುದ್ರಿಸಿದ ಚಿತ್ರಕ್ಕೂ ಈ ಕಿರಣದಿಂದ ಹಾನಿಯಿಲ್ಲ.

ಅಳಿಯನು ಬಂದ ಮೊದಲ ವಾರದಲ್ಲಿ ತೆಗೆದಿದ್ದ ಇನ್ನೊಂದು ರೀಲನ್ನು ಮಂಗಳೂರಿನಲ್ಲಿ ತೊಳೆಸಿದ್ದೆವು. ಅದರಲ್ಲಿದ್ದುದು ತೋಟ, ಕೆರೆ, ಕೊಟ್ಟಿಗೆಯ ಕರು. ಕರುವಿನ ಚಿತ್ರದ ಒಂದು ಮೂಲೆಯಲ್ಲಿ, ಕೈಯಲ್ಲಿ ಹುಲ್ಲು ಹಿಡಿದು, ಯಾರೋ ಕರೆದಂತೆ ಹಿಂದಿರುಗಿ ನೋಡುತ್ತಿರುವ ನನ್ನ ತಾಯಿ ಇದ್ದಾರೆ. ಆ ಮೂಲೆಯನ್ನಷ್ಟೇ ದೊಡ್ಡದು ಮಾಡಿಸಿ ಚಾವಡಿಯಲ್ಲಿ ಹಾಕಿದ್ದೇವೆ.